ಮರೆತ ಒಪೆರಾವನ್ನು ಮತ್ತೆ ರಂಗಕ್ಕೆ ತರೋದು ಹೇಗೆ: ಜೊರ್ದಾನೊನ ‘ಮಾಲಾ ವೀತಾ’ ಕಲಿಸಿದ್ದು

ಪೋಸ್ಟರ್ ಮೇಲೆ ‘ಮರೆತುಹೋದ ಮಹಾಕೃತಿ’ ಅಂತ ಇದ್ದರೆ ನನಗೆ ಅನುಮಾನ ಶುರುವಾಗುತ್ತದೆ. ಅಷ್ಟು ದೊಡ್ಡ ಕೃತಿಯಾಗಿದ್ದರೆ ಜನ ಯಾಕೆ ಮರೆತರು? ಈ ಪ್ರಶ್ನೆಗೆ ಉತ್ತರ ಸಿಗೋ ತನಕ ಹಾಲ್ ಬುಕ್ ಮಾಡಬೇಡಿ, ಗಾಯಕರಿಗೆ ಫೋನ್ ಮಾಡಬೇಡಿ. ಯಾವ ಕಾರಣಕ್ಕೆ ಆ ಒಪೆರಾ ಮೂಲೆ ಸೇರಿತೋ, ಬಹಳ ಸಲ ಅದೇ ಕಾರಣಕ್ಕೆ ಇವತ್ತಿನವರು ಅದನ್ನು ನೋಡಬೇಕಾಗಿರುತ್ತದೆ.

ನಾನು ಬೆಂಗಳೂರಿನವಳು. ಟ್ರಿನಿಟಿ ಗ್ರೇಡ್ ಪರೀಕ್ಷೆಗಳಿಗೆ ಪಿಯಾನೊ ಕುಟ್ಟಿ ಕುಟ್ಟಿ ಬೆಳೆದೆ. ಈಗ ಮ್ಯಾಂಚೆಸ್ಟರ್ ಹತ್ತಿರದ ಒಂದು ಸಣ್ಣ ಒಪೆರಾ ತಂಡಕ್ಕೆ ರಿಹರ್ಸಲ್ ಪಿಯಾನಿಸ್ಟ್. ಮುಖ್ಯ ಪಾತ್ರ ಹಾಡುವವರು ವೃತ್ತಿಪರರು. ಕೋರಸ್‌ನಲ್ಲಿ ಟೀಚರುಗಳು, ನರ್ಸುಗಳು, ಒಬ್ಬ ಬಸ್ ಡ್ರೈವರ್ ಇದ್ದಾರೆ. ಇಟಲಿಯ ಸಂಗೀತಗಾರ ಉಂಬೆರ್ತೊ ಜೊರ್ದಾನೊನ ‘ಮಾಲಾ ವೀತಾ’ವನ್ನು ನಾವು ರಂಗಕ್ಕೆ ತಂದ ಮೇಲೆ ಊರಿನ ನಾಟಕದ ಗೆಳೆಯರು ಕೇಳುತ್ತಲೇ ಇದ್ದಾರೆ: ಇಂಥದ್ದನ್ನೆಲ್ಲ ಎಲ್ಲಿಂದ ಹುಡುಕುತ್ತೀರಿ, ಹೇಗೆ ಮಾಡುತ್ತೀರಿ? ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಯಾಕೆ ಮರೆತರು ಅನ್ನೋದನ್ನು ಮೊದಲು ಪತ್ತೆ ಮಾಡಿ

‘ಮಾಲಾ ವೀತಾ’ ವೆರಿಸ್ಮೊ ಒಪೆರಾ. ವೆರಿಸ್ಮೊ ಅಂದರೆ ರಾಜ ರಾಣಿಯರನ್ನು ಬಿಟ್ಟು ಬೀದಿಯ ಜನರನ್ನು ರಂಗದ ಮೇಲೆ ತಂದ ಇಟಾಲಿಯನ್ ಒಪೆರಾ. 1890ರ ಮೇ ತಿಂಗಳಲ್ಲಿ ರೋಮ್‌ನಲ್ಲಿ ಮಸ್ಕಾನ್ಯಿಯ ‘ಕವಲ್ಲೆರಿಯಾ ರುಸ್ತಿಕಾನಾ’ ಬಂತು. ಸಿಸಿಲಿಯ ಹಳ್ಳಿ, ಗಾಡಿ ಹೊಡೆಯುವವನು, ಹಾದರ, ಚಾಕು. ಮಿಲಾನಿನ ಪ್ರಕಾಶಕ ಸೊನ್ಜೋನ್ಯೊ ಒಂದಂಕದ ಒಪೆರಾಗಳಿಗೆ ಇಟ್ಟಿದ್ದ ಸ್ಪರ್ಧೆಯಲ್ಲಿ ಗೆದ್ದ ಕೃತಿ ಅದು. ಅದೇ ಸ್ಪರ್ಧೆಗೆ ಬಂದ 73 ಕೃತಿಗಳಲ್ಲಿ ಆರನೇ ಸ್ಥಾನ ಸಿಕ್ಕಿದ್ದು ಫೊಜ್ಜಾ ಊರಿನ ಹುಡುಗ ಜೊರ್ದಾನೊಗೆ. ಹುಡುಗನಲ್ಲಿ ಏನೋ ಇದೆ ಅಂತ ಸೊನ್ಜೋನ್ಯೊಗೆ ಅನ್ನಿಸಿತು. ಹೊಸದೊಂದು ಬರೆಸಿದ. ಅದೇ ‘ಮಾಲಾ ವೀತಾ’. ರೋಮ್‌ನ ಅರ್ಜೆಂತೀನಾ ಥಿಯೇಟರಿನಲ್ಲಿ 1892ರ ಫೆಬ್ರವರಿ 21ಕ್ಕೆ ಮೊದಲ ಪ್ರದರ್ಶನ. ಇವತ್ತು ಎಲ್ಲರ ಬಾಯಲ್ಲಿರುವ ‘ಪಲ್ಯಾಚ್ಚಿ’ ಬಂದಿದ್ದು ಅದಾದ ಮೂರು ತಿಂಗಳಿಗೆ. ಅಂದರೆ ನಮ್ಮ ಒಪೆರಾ ಅದರ ನಕಲು ಅಲ್ಲವೇ ಅಲ್ಲ.

ಕಥೆ ಇಷ್ಟು. ನೇಪಲ್ಸ್‌ನ ಬಂದರಿನ ಹತ್ತಿರದ ಬಾಸ್ಸೊ ಪೋರ್ತೊ ಅನ್ನೋ ಬಡವರ ಕೇರಿ. ಬಟ್ಟೆಗೆ ಬಣ್ಣ ಹಾಕುವ ವೀತೊಗೆ ಕ್ಷಯ. ಕೆಮ್ಮಿದರೆ ರಕ್ತ. ಹೆದರಿ, ಬೀದಿಯ ಶಿಲುಬೆಯ ಮುಂದೆ ಹರಕೆ ಹೊರುತ್ತಾನೆ: ನನ್ನನ್ನು ಬದುಕಿಸು, ಒಬ್ಬ ವೇಶ್ಯೆಯನ್ನು ಮದುವೆಯಾಗಿ ಆ ಬಾಳಿನಿಂದ ಬಿಡಿಸುತ್ತೇನೆ. ಕ್ರಿಸ್ತೀನಾ ಸಿಗುತ್ತಾಳೆ, ನಂಬುತ್ತಾಳೆ. ಆದರೆ ವೀತೊಗೆ ಮೊದಲೇ ಒಬ್ಬಳು ಪ್ರೇಯಸಿ ಇದ್ದಾಳೆ. ಗಾಡಿಯವನ ಹೆಂಡತಿ ಅಮಾಲಿಯಾ. ಅವಳು ಬಿಡುವುದಿಲ್ಲ. ಕೊನೆಗೆ ಪೀಯೆದಿಗ್ರೊತ್ತಾ ಜಾತ್ರೆಯ ಗದ್ದಲದ ನಡುವೆ ವೀತೊ ಅಮಾಲಿಯಾ ಜೊತೆ ಹೋಗುತ್ತಾನೆ. ಕ್ರಿಸ್ತೀನಾ ತಾನು ಬಿಟ್ಟು ಬಂದ ವೇಶ್ಯೆಯರ ಮನೆಯ ಬಾಗಿಲನ್ನೇ ಮತ್ತೆ ತಟ್ಟುತ್ತಾಳೆ.

ರೋಮ್‌ನಲ್ಲಿ ಜನ ಮೆಚ್ಚಿದರು. ಅದೇ ಏಪ್ರಿಲ್‌ನಲ್ಲಿ ನೇಪಲ್ಸ್‌ನ ಸಾನ್ ಕಾರ್ಲೊ ಥಿಯೇಟರಿಗೆ ಹೋದಾಗ ಶಿಳ್ಳೆ, ಕೂಗಾಟ. ಅಲ್ಲಿನ ದೊಡ್ಡಮನೆಯವರಿಗೆ ತಮ್ಮದೇ ಊರಿನ ಕೇರಿಯನ್ನು ತಮ್ಮದೇ ರಾಜವೈಭವದ ಥಿಯೇಟರಿನಲ್ಲಿ ನೋಡಿ ಮೈ ಉರಿಯಿತು. ಇದಕ್ಕೊಂದು ಹಿನ್ನೆಲೆ ಇದೆ. 1884ರಲ್ಲಿ ನೇಪಲ್ಸ್‌ಗೆ ಕಾಲರಾ ಬಡಿದಿತ್ತು. ಮರುವರ್ಷವೇ ಊರನ್ನು ‘ಆರೋಗ್ಯವಂತ’ ಮಾಡುವ ಕಾನೂನು ಬಂತು. 1889ರಿಂದ ಹಳೆಯ ಕೇರಿಗಳನ್ನು ಕೆಡವಿ ಅಗಲ ರಸ್ತೆ ಹೊಡೆಯುತ್ತಿದ್ದರು. ಯಾವ ಕೇರಿಯನ್ನು ಕಣ್ಣಿಂದ ಮರೆ ಮಾಡೋಕೆ ಊರು ಹೊರಟಿತ್ತೋ, ಅದನ್ನೇ ಇವನು ಹಾಡಿಸಿದ. ಅದೇ ವರ್ಷ ವಿಯೆನ್ನಾದಲ್ಲಿ ಇದೇ ಒಪೆರಾಗೆ ಜನ ಮುಗಿಬಿದ್ದರು. ದೂರದ ಊರಿನ ಕೊಳಕು ಯಾರಿಗೂ ಚುಚ್ಚುವುದಿಲ್ಲ, ಅಲ್ವಾ?

ಬೇರೆ ಕೃತಿಗಳಿಗೆ ಬೇರೆ ಕಾರಣ ಇರುತ್ತವೆ. ಅದೇ ಕಾಲದ ಇಟಾಲಿಯನ್ ಸಂಗೀತಗಾರ ಫ್ರಾಂಕೆತ್ತಿ ಯಹೂದಿ. 1938ರ ಜನಾಂಗೀಯ ಕಾನೂನು ಬಂದ ಮೇಲೆ ಇಟಲಿಯಲ್ಲಿ ಅವನ ಒಪೆರಾಗಳಿಗೆ ಬಾಗಿಲು ಮುಚ್ಚಿತು. 1902ರಲ್ಲಿ ಟೆನರ್ (ಎತ್ತರದ ಗಂಡುದನಿಯ ಗಾಯಕ) ಕರುಸೊ ಹಾಡಿ ಮೆರೆಸಿದ್ದ ‘ಜೆರ್ಮಾನಿಯಾ’ ಕೂಡ ಹಾಗೇ ಹೋಯಿತು. ಮಸ್ಕಾನ್ಯಿಯ ‘ಗುಲ್ಯೆಲ್ಮೊ ರಾಟ್‌ಕ್ಲಿಫ್’ ಕಥೆ ಬೇರೆ. ಆ ಟೆನರ್ ಪಾತ್ರ ಹಾಡೋಕೆ ಗಂಟಲು ಮಾರಿಕೊಳ್ಳಬೇಕು, ಯಾರೂ ಸಿಗೋದಿಲ್ಲ. ಇನ್ನು ಕೆಲವು ನಿಜವಾಗಿಯೂ ಚೆನ್ನಾಗಿಲ್ಲ. ಅಂಥವನ್ನು ಸುಮ್ನೆ ಬಿಟ್ಟುಬಿಡಿ. ಎರಡನೇ ಅಂಕವನ್ನು ಪಿಯಾನೊ ಮೇಲೆ ನುಡಿಸಿ ನೋಡಿ. ವೆರಿಸ್ಮೊದಲ್ಲಿ ಮೊದಲ ಅಂಕ ಎಲ್ಲರೂ ಬಣ್ಣಬಣ್ಣವಾಗಿ ಬರೆಯುತ್ತಾರೆ. ಎರಡನೆಯದರಲ್ಲಿ ಸರಕು ಇದೆಯೋ ಇಲ್ಲವೋ ಗೊತ್ತಾಗಿಬಿಡುತ್ತದೆ. ‘ಮಾಲಾ ವೀತಾ’ದ ಎರಡನೇ ಅಂಕದಲ್ಲಿ ಅಮಾಲಿಯಾ ಕ್ರಿಸ್ತೀನಾಳನ್ನು ಮನೆಗೆ ಕರೆಸಿ, ಅವನನ್ನು ಬಿಟ್ಟುಬಿಡು ಅಂತ ಕೇಳುವ ದೃಶ್ಯ ಇದೆ. ಅದನ್ನು ಒಂದು ಸಲ ನುಡಿಸಿದ ಮೇಲೆ ನಮ್ಮಲ್ಲಿ ಚರ್ಚೆ ಮುಗಿಯಿತು.

ಯಾವ ಆವೃತ್ತಿ?

ಜೊರ್ದಾನೊ 1897ರಲ್ಲಿ ಇದೇ ಒಪೆರಾವನ್ನು ತಿದ್ದಿ, ಹರಿತ ಕಡಿಮೆ ಮಾಡಿ, ‘ಇಲ್ ವೋತೊ’ (ಹರಕೆ) ಅನ್ನೋ ಹೆಸರಲ್ಲಿ ಮಿಲಾನಿನಲ್ಲಿ ತಂದ. ಮರ್ಯಾದಸ್ಥರಿಗೂ ಹಿಡಿಸಲಿ ಅಂತ. ಅದು ಯಾರಿಗೂ ಹಿಡಿಸಲಿಲ್ಲ. ಅಷ್ಟರಲ್ಲಿ 1896ರ ‘ಆಂದ್ರೆಯಾ ಶೆನಿಯೇ’ ಅವನಿಗೆ ಹೆಸರು, ದುಡ್ಡು ಎರಡೂ ತಂದಿತ್ತು. ಹಳೆಯದರ ಗೋಜಿಗೆ ಯಾರೂ ಹೋಗಲಿಲ್ಲ.

ಹಲವು ಆವೃತ್ತಿಗಳಿದ್ದರೆ ಸಂಗೀತಗಾರನ ‘ಕೊನೆಯ ಮಾತು’ ಯಾವುದೋ ಅದನ್ನೇ ಮಾಡಬೇಕು ಅನ್ನುವ ವಾದ ಇದೆ. ನಾನು ಒಪ್ಪುವುದಿಲ್ಲ. ಬೈಗುಳಕ್ಕೆ ಹೆದರಿ ತಿದ್ದಿದ್ದನ್ನು ಕೊನೆಯ ಮಾತು ಅನ್ನೋದು ಹೇಗೆ? ಜನರನ್ನು ಕೆರಳಿಸಿದ ಆವೃತ್ತಿಯನ್ನೇ ಹಿಡಿಯಿರಿ. 2002ರಲ್ಲಿ ಫೊಜ್ಜಾದಲ್ಲಿ, 2018ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಉತ್ಸವದಲ್ಲಿ ‘ಮಾಲಾ ವೀತಾ’ ಆ ಹೆಸರಲ್ಲೇ ಎದ್ದು ಬಂತು.

ಕಾಗದದ ಕೆಲಸ

ಇದು ಯಾರಿಗೂ ಬೇಡದ ಭಾಗ. ಆದರೆ ನಿಮ್ಮ ಸಮಯ ಅತಿ ಜಾಸ್ತಿ ಹೋಗೋದು ಇಲ್ಲೇ.

ಮೂರು ಬೇರೆ ಬೇರೆ ಸ್ವರಲಿಪಿಗಳು ಬೇಕು. ಹಾಡು ಮತ್ತು ಪಿಯಾನೊ ಇರುವ ವೋಕಲ್ ಸ್ಕೋರ್. ವಾದ್ಯಮೇಳ ನಡೆಸುವ ಕಂಡಕ್ಟರ್ ನೋಡುವ ಪೂರ್ತಿ ಸ್ಕೋರ್. ಪ್ರತಿ ವಾದ್ಯದವರ ಮುಂದೆ ಇಡುವ ಪಾರ್ಟ್‌ಗಳು. ಆ ಕಾಲದ ವೋಕಲ್ ಸ್ಕೋರ್‌ಗಳು ಮನೆಮನೆಯಲ್ಲಿ ಪಿಯಾನೊ ಮೇಲೆ ನುಡಿಸಲಿ ಅಂತ ಅಚ್ಚಾದವು. ಹಾಗಾಗಿ ಎಷ್ಟೋ ಉಳಿದಿವೆ. ಐಎಂಎಸ್‌ಎಲ್‌ಪಿ ಥರದ ತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ಇಟಲಿಯ ಗ್ರಂಥಾಲಯಗಳೆಲ್ಲ ಸೇರಿದ ಎಸ್‌ಬಿಎನ್ ಕ್ಯಾಟಲಾಗಿನಲ್ಲಿ ಯಾವ ಊರಲ್ಲಿ ಯಾವ ಪ್ರತಿ ಇದೆ ಅಂತ ಗೊತ್ತಾಗುತ್ತದೆ. ಪೂರ್ತಿ ಸ್ಕೋರ್ ಮತ್ತು ಪಾರ್ಟ್‌ಗಳು ಮಾತ್ರ ಪ್ರಕಾಶಕರ ಬಳಿ, ಅದೂ ಬಾಡಿಗೆಗೆ. ಮೊದಲ ದಿನವೇ ಅವರಿಗೆ ಪತ್ರ ಬರೆದು ದರ ಕೇಳಿಬಿಡಿ.

‘ಕಳೆದುಹೋಗಿದೆ’ ಅಂದರೆ ಅಲ್ಲಿಗೇ ಕೈಬಿಡಬೇಡಿ. 1943ರ ಬಾಂಬ್ ದಾಳಿಯಲ್ಲಿ ಮಿಲಾನಿನ ಸೊನ್ಜೋನ್ಯೊ ಕಟ್ಟಡ ಸುಟ್ಟುಹೋಯಿತು. ರಿಕೊರ್ದಿ ಪ್ರಕಾಶನಕ್ಕೂ ಪೆಟ್ಟು ಬಿತ್ತು. ಇಲ್ಲಿ ನಮಗೆ ಹತ್ತಿರದ ಒಂದು ಕಥೆ ಇದೆ. ಪುಚ್ಚೀನಿ ಅರ್ಧಕ್ಕೆ ಬಿಟ್ಟ ‘ತುರಾಂದೊತ್’ ಮುಗಿಸಿಕೊಟ್ಟ ಫ್ರಾಂಕೊ ಅಲ್ಫಾನೊ, 1921ರಲ್ಲಿ ಬೊಲೋನ್ಯಾದಲ್ಲಿ ಕಾಳಿದಾಸನ ಶಾಕುಂತಲವನ್ನು ಒಪೆರಾ ಮಾಡಿದ್ದ. ಹೌದು, ನಮ್ಮ ಬಸವಪ್ಪ ಶಾಸ್ತ್ರಿಗಳು ಮೈಸೂರಿನಲ್ಲಿ ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ ಅನ್ನಿಸಿಕೊಂಡರಲ್ಲ, ಅದೇ ನಾಟಕ. ಯುದ್ಧದಲ್ಲಿ ಸ್ಕೋರ್ ನಾಶವಾಯಿತು ಅಂತ ನಂಬಿ ಪಾಪ ಅಲ್ಫಾನೊ ವೋಕಲ್ ಸ್ಕೋರ್ ಮುಂದಿಟ್ಟುಕೊಂಡು ಇಡೀ ವಾದ್ಯಮೇಳವನ್ನು ಮತ್ತೆ ಬರೆದ. 1952ರಲ್ಲಿ ಅದು ರೋಮ್‌ನಲ್ಲಿ ರಂಗಕ್ಕೆ ಬಂತು. ಅವನು ತೀರಿಕೊಂಡು ಅರ್ಧ ಶತಮಾನ ಆದ ಮೇಲೆ, 2005ರಲ್ಲಿ, ಮೂಲ ಪ್ರತಿ ರಿಕೊರ್ದಿ ಸಂಗ್ರಹದಲ್ಲೇ ಸಿಕ್ಕಿತು! ಅದು ವೆರಿಸ್ಮೊ ಅಲ್ಲ. ಆದರೂ ಹುಡುಕುವವರು ನೆನಪಿಡಬೇಕಾದ ವಿಷಯ.

ಹಕ್ಕುಗಳ ಲೆಕ್ಕ ಸುಲಭ. ಬ್ರಿಟನ್ನಿನಲ್ಲೂ ಯುರೋಪಿನಲ್ಲೂ ಸಂಗೀತ ಬರೆದವನು, ಸಾಹಿತ್ಯ ಬರೆದವನು, ಇಬ್ಬರಲ್ಲಿ ಕೊನೆಗೆ ಸತ್ತವನ ನಂತರ 70 ವರ್ಷ. ಜೊರ್ದಾನೊ ಸತ್ತಿದ್ದು 1948ರಲ್ಲಿ. ಹಾಗಾಗಿ ಬ್ರಿಟನ್ನಿನಲ್ಲಿ 2019ರಿಂದ ಅವನ ಸಂಗೀತ ಮುಕ್ತ. ಅದೇ ಕಾಲದ ಇನ್ನೊಬ್ಬ ಸಂಗೀತಗಾರ ಚಿಲೆಯಾ ಸತ್ತಿದ್ದು 1950ರಲ್ಲಿ, ಅಲ್ಫಾನೊ 1954ರಲ್ಲಿ. ಅವರದ್ದೂ ಈಗ ದಾಟಿದೆ. ಆದರೆ ಇತ್ತೀಚೆಗೆ ಯಾರಾದರೂ ಸಂಪಾದಿಸಿದ ಹೊಸ ಆವೃತ್ತಿ ಬಳಸಿದರೆ ಅದಕ್ಕೆ ಬೇರೆ ಹಕ್ಕು ಇರುತ್ತದೆ. ಕೇಳಿಕೊಳ್ಳಿ.

ಪಾರ್ಟ್‌ಗಳು ಬಂದ ಕೂಡಲೇ ಪ್ರತಿ ಪುಟ ಎಣಿಸಿ. ಹಿಂದೆ ಬೇರೊಂದು ಒಪೆರಾಗೆ ಬಾಡಿಗೆಗೆ ಬಂದ ಹಾರ್ನ್ ಪಾರ್ಟ್‌ನಲ್ಲಿ ಎರಡು ಪುಟ ಒಂದಕ್ಕೊಂದು ಅಂಟಿದ್ದವು. ಹಳೆಯ ಗೋಂದು, ಕಂದು ಬಣ್ಣಕ್ಕೆ ತಿರುಗಿತ್ತು. ಯಾರೋ ಕಂಡಕ್ಟರ್ ಆ ಭಾಗ ಕತ್ತರಿಸಿ, ನುಡಿಸುವವನು ಮರೆಯದಿರಲಿ ಅಂತ ಅಂಟಿಸಿಬಿಟ್ಟಿದ್ದ. ಮಿಕ್ಕ ವಾದ್ಯಗಳ ಪಾರ್ಟ್‌ನಲ್ಲಿ ಅದೇ ಜಾಗಕ್ಕೆ ನೀಲಿ ಪೆನ್ಸಿಲ್ಲಿನ ಅಡ್ಡಗೆರೆ. ಎರಡು ಪಾರ್ಟ್‌ಗಳಲ್ಲಿ ಆ ಗೆರೆಯೂ ಇಲ್ಲ. ಇದನ್ನು ನೋಡದೆ ವಾದ್ಯದವರ ಮುಂದೆ ಇಟ್ಟಿದ್ದರೆ ಮೊದಲ ರಿಹರ್ಸಲ್ ಸಂತೆಯಾಗುತ್ತಿತ್ತು. ಹಾಳೆಯ ಕೊನೆಯಲ್ಲಿ ನುಡಿಸಿದವರು ಸಹಿ, ತಾರೀಖು ಹಾಕಿರುತ್ತಾರೆ. ಅವನ್ನು ಅಳಿಸಬೇಡಿ. ಆ ಒಪೆರಾ ಎಲ್ಲೆಲ್ಲಿ ಓಡಾಡಿದೆ ಅನ್ನೋದಕ್ಕೆ ಕೆಲವೊಮ್ಮೆ ಅದೊಂದೇ ಸಾಕ್ಷಿ.

ವಾದ್ಯಮೇಳ ಸಣ್ಣದು ಮಾಡುವಾಗ

ಸಣ್ಣ ತಂಡಗಳಿಗೆ ಪೂರ್ತಿ ಮೇಳ ಕೈಗೆಟುಕುವುದಿಲ್ಲ. ನಾವು 15 ಜನಕ್ಕೆ ಇಳಿಸಿಕೊಂಡೆವು. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ವೆರಿಸ್ಮೊದಲ್ಲಿ ಭಾವ ಉಕ್ಕುವ ಕಡೆ ಗಾಯಕರು ಹಾಡುವ ಧಾಟಿಯನ್ನೇ ವಯಲಿನ್‌ಗಳೂ ನುಡಿಸುತ್ತವೆ. ಇಟಾಲಿಯನ್ನರು ಇದಕ್ಕೆ ‘ವಯೊಲಿನಾತಾ’ ಅನ್ನುತ್ತಾರೆ. ಹೇಗೂ ಗಾಯಕಿ ಹಾಡುತ್ತಿದ್ದಾಳಲ್ಲ ಅಂತ ಆ ಸಾಲನ್ನು ತೆಗೆದರೆ ಅವಳ ಕಾಲ ಕೆಳಗಿನ ನೆಲವೇ ಹೋಗುತ್ತದೆ. ಟ್ರೊಂಬೋನ್ ತೆಗೆಯಿರಿ, ಎರಡನೇ ಕೊಳಲು ತೆಗೆಯಿರಿ, ವಯಲಿನ್ ಮುಟ್ಟಬೇಡಿ. ಹಾರ್ಪ್ ಇಲ್ಲದಿದ್ದರೆ ಪಿಯಾನೊ ನಡೆಯುತ್ತದೆ. ಹಾರ್ಮೋನಿಯಂ ಸಿಕ್ಕರೆ ಇನ್ನೂ ಒಳ್ಳೆಯದು. ಗಾಳಿವಾದ್ಯಗಳ ನಡುವಿನ ಖಾಲಿ ಜಾಗವನ್ನು ಅದು ಸದ್ದಿಲ್ಲದೆ ತುಂಬುತ್ತದೆ.

ಕೂಗಾಡಿಸಬೇಡಿ

ವೆರಿಸ್ಮೊ ಅಂದ ಕೂಡಲೇ ಗಾಯಕರು ಬಿಕ್ಕಳಿಸಿ ಅಳುತ್ತಾರೆ, ಕಿರುಚುತ್ತಾರೆ. ಅದರಲ್ಲಿ ಅರ್ಧದಷ್ಟು ಆಮೇಲಿನ ರೂಢಿ. ಕ್ರಿಸ್ತೀನಾ ಪಾತ್ರ ಮೊದಲು ಮಾಡಿದ್ದು ಜೆಮ್ಮಾ ಬೆಲ್ಲಿಂಚೋನಿ. ‘ಕವಲ್ಲೆರಿಯಾ’ದ ನಾಯಕಿ ಸಂತುತ್ಸಾಳ ಪಾತ್ರ ಮೊದಲು ಮಾಡಿದ್ದೂ ಅವಳೇ. 1903ರಲ್ಲಿ ಅವಳು ಮಾಡಿದ ಕೆಲವು ರೆಕಾರ್ಡಿಂಗ್‌ಗಳು ಉಳಿದಿವೆ. ಕೇಳಿದರೆ ಗೊತ್ತಾಗುತ್ತದೆ, ದನಿ ದೊಡ್ಡದಲ್ಲ. ಮಾತು ಸ್ಪಷ್ಟ, ಸ್ವರದಿಂದ ಸ್ವರಕ್ಕೆ ಜಾರುವುದು ಜಾಸ್ತಿ, ತಾಳ ಹಿಗ್ಗುತ್ತದೆ, ಕುಗ್ಗುತ್ತದೆ. 1902ರಲ್ಲಿ ಕರುಸೊ ಹಾಡಿದ, ಜೊರ್ದಾನೊನದೇ ‘ಫೆದೋರಾ’ ಒಪೆರಾದ ‘ಅಮೊರ್ ತಿ ವಿಯೆತಾ’ ಹಾಡನ್ನೂ ಗಾಯಕರಿಗೆ ಕೇಳಿಸಿ. ಅಲ್ಲಿ ಪಿಯಾನೊ ನುಡಿಸಿರುವವನು ಸ್ವತಃ ಜೊರ್ದಾನೊ. ಇದಕ್ಕಿಂತ ದೊಡ್ಡ ಪಾಠ ಬೇಕಾ?

ಭಾಷೆಗೂ ಒಬ್ಬರು ಬೇಕು. ಮೂರನೇ ಅಂಕದಲ್ಲಿ ಅಮಾಲಿಯಾಳ ಗಂಡ ಅನ್ನೆತ್ತಿಯೆಲ್ಲೊ ನೇಪಲ್ಸ್ ಆಡುನುಡಿಯಲ್ಲಿ ಒಂದು ಹಾಡು ಹೇಳುತ್ತಾನೆ. ಆ ನುಡಿಯಲ್ಲಿ ಪದದ ಕೊನೆಯ ಸ್ವರಾಕ್ಷರ ಬಾಯಲ್ಲೇ ಕರಗುತ್ತದೆ. ಶುದ್ಧ ಇಟಾಲಿಯನ್ ಕಲಿತ ನಮ್ಮ ಬ್ಯಾರಿಟೋನ್ (ನಡುದನಿಯ ಗಾಯಕ) ಪ್ರತಿ ಸ್ವರಾಕ್ಷರವನ್ನೂ ಪೂರ್ತಿ ಬಾಯಿ ತೆರೆದು ಹಾಡುತ್ತಿದ್ದ. ನೇಪಲ್ಸ್‌ನಲ್ಲಿ ಹುಟ್ಟಿದ ಒಬ್ಬ ಫಾರ್ಮಸಿಸ್ಟ್ ಬಂದು ಪಕ್ಕದಲ್ಲಿ ಕೂತು, ಒಂದೊಂದೇ ಪದ ನುಂಗೋದು ಕಲಿಸಿದರು. ಹಾಡು ಆಗ ಬೀದಿಗಿಳಿಯಿತು.

ಕೋರಸ್ ವಿಷಯದಲ್ಲಿ ಜಿಪುಣತನ ಬೇಡ. ಕೇರಿಯೇ ಇಲ್ಲಿ ಮುಖ್ಯ ಪಾತ್ರ. ಪ್ರತಿಯೊಬ್ಬರಿಗೂ ಒಂದು ಕಸುಬು ಕೊಡಿ: ಅಗಸಗಿತ್ತಿ, ಮೀನಿನವಳು, ಸಾಲ ಕೊಡುವವನು. ನಮ್ಮ ಬಸ್ ಡ್ರೈವರ್‌ಗೆ ಚಪ್ಪಲಿ ಹೊಲಿಯುವ ಕೆಲಸ ಕೊಟ್ಟಿದ್ದೆವು. ಇಡೀ ಮೊದಲ ಅಂಕ ಅವರು ಒಂದೇ ಬೂಟನ್ನು ಹೊಲಿದರು. ವೀತೊ ಕುಸಿದಾಗ ಕೈ ನಿಂತಿತು, ಅಷ್ಟೇ. ಒಂದು ವಿಮರ್ಶೆಯಲ್ಲಿ ಟೆನರ್‌ಗಿಂತ ಅವರ ಬಗ್ಗೆಯೇ ಜಾಸ್ತಿ ಬರೆದಿದ್ದರು.

ಹರಕೆಯನ್ನು ಲಘುವಾಗಿ ತಗೊಳ್ಳಬೇಡಿ

ನಮ್ಮ ಟೆನರ್ ಮೊದಲ ದಿನದಿಂದಲೇ ವೀತೊನನ್ನು ಮೋಸಗಾರನ ಥರ ಹಾಡುತ್ತಿದ್ದ. “ಕೊನೆಗೆ ಕೈ ಕೊಡುತ್ತಾನಲ್ಲ” ಅನ್ನೋದು ಅವನ ವಾದ. ತಂಡದಲ್ಲಿ ಬಹಳ ಜನರಿಗೆ ಆ ಹರಕೆಯೇ ಒಂದು ನಾಟಕದ ತಂತ್ರ ಅನ್ನಿಸಿತ್ತು. ನಾನು ಹರಕೆ ಹೊತ್ತವರ ನಡುವೆ ಬೆಳೆದವಳು. ಹರಕೆ ಹೊರುವ ಹೊತ್ತಿನಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಜ್ವರ ಇಳಿದ ಮೇಲೆ ತಾನೇ ಚೌಕಾಸಿ ಶುರುವಾಗೋದು. ಕ್ಷಯದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕೋಖ್ ಕಂಡುಹಿಡಿದಿದ್ದು 1882ರಲ್ಲಿ. ಅದನ್ನು ಕೊಲ್ಲುವ ಔಷಧಿ ಬಂದಿದ್ದು 1940ರ ದಶಕದಲ್ಲಿ. ನಡುವೆ ಸಿಕ್ಕಿಹಾಕಿಕೊಂಡ ಬಡವನಿಗೆ ಬೀದಿಯ ಶಿಲುಬೆ ಬಿಟ್ಟರೆ ಬೇರೆ ಆಸ್ಪತ್ರೆ ಇರಲಿಲ್ಲ. ಇದನ್ನು ಹೇಳಿದ ಮೇಲೆ ಟೆನರ್ ಆ ಪ್ರಾರ್ಥನೆಯನ್ನು ನಿಜವಾಗಿ ಹಾಡಿದ. ಕೊನೆಯ ಅಂಕ ಅದರಿಂದ ಇನ್ನೂ ಕ್ರೂರವಾಯಿತು.

ಆದರೆ ಇವತ್ತು ಇದನ್ನು ಮಾಡುವವರು ವೀತೊ ಹತ್ತಿರವೇ ನಿಲ್ಲೋಕಾಗುವುದಿಲ್ಲ. ಅವನು ದೇವರಿಗೆ ಒಪ್ಪಿಸುತ್ತಿರೋದು ಇನ್ನೊಬ್ಬಳ ಬದುಕನ್ನು. ಹರಕೆ ಹೊರುವಾಗ ಅವಳು ಯಾರು ಅಂತಲೂ ಅವನಿಗೆ ಗೊತ್ತಿಲ್ಲ. ಕರ್ನಾಟಕ 1982ರಲ್ಲಿ ದೇವದಾಸಿ ಪದ್ಧತಿ ನಿಷೇಧಿಸುವ ಕಾನೂನು ಯಾಕೆ ತಂದಿತು ಅಂತ ಗೊತ್ತಿರುವವರಿಗೆ ಇದು ದೂರದ ಕಥೆ ಅನ್ನಿಸುವುದಿಲ್ಲ. ನಮ್ಮ ನಿರ್ದೇಶಕಿ ಒಂದು ಸಣ್ಣ ಬದಲಾವಣೆ ಮಾಡಿದರು. ವೀತೊ ಹರಕೆ ಹೊರುವಾಗಲೇ ಕ್ರಿಸ್ತೀನಾ ಮಹಡಿಯ ಕಿಟಕಿಯಲ್ಲಿ ಬಟ್ಟೆ ಒಣಗಹಾಕುತ್ತಾ ನಿಂತಿರುತ್ತಾಳೆ. ಅವಳಿಗೆ ಕೇಳಿಸುವುದಿಲ್ಲ. ಪ್ರೇಕ್ಷಕರಿಗೆ ಅವಳು ಕಾಣುತ್ತಾಳೆ. ಸ್ಕೋರಿನ ಒಂದು ಸ್ವರವನ್ನೂ ಮುಟ್ಟಲಿಲ್ಲ.

ಕರವಸ್ತ್ರದ ಬಗ್ಗೆಯೂ ಜಗಳವಾಯಿತು. ಟೆನರ್‌ಗೆ ಕೆಂಪು ರಕ್ತ ಎಲ್ಲರಿಗೂ ಕಾಣಬೇಕು. ನಿರ್ದೇಶಕಿ ಬೇಡ ಅಂದರು. ಅವನು ಕೆಮ್ಮುತ್ತಾನೆ, ಬಟ್ಟೆಯನ್ನು ಮಡಚುತ್ತಾನೆ, ಕ್ಷೌರಿಕ ಮಾರ್ಕೊ ಒಬ್ಬನೇ ಅದನ್ನು ಬಿಡಿಸಿ ನೋಡಿ ಸಟಕ್ಕನೆ ಜೇಬಿಗೆ ಹಾಕುತ್ತಾನೆ. ನಾನು ನಿರ್ದೇಶಕಿಯ ಪಕ್ಷ. ಬಣ್ಣದ ನೀರು ಐದನೇ ಸಾಲಿನಿಂದ ಬಣ್ಣದ ನೀರಾಗಿಯೇ ಕಾಣುತ್ತದೆ.

ಕಾಲ ಬದಲಿಸಿ ಇವತ್ತಿಗೆ ತರಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಇವತ್ತು ಕ್ಷಯಕ್ಕೆ ಮಾತ್ರೆ ಇದೆ. ಇವತ್ತಿಗೆ ತಂದರೆ ಹರಕೆಯೇ ಬಿದ್ದುಹೋಗುತ್ತದೆ. ನಾವು 1892ರಲ್ಲೇ ಇಟ್ಟೆವು, ಆದರೆ ಸೆಟ್‌ನ ಅರ್ಧ ಗೋಡೆ ಆಗಲೇ ಕೆಡವಿದ ಹಾಗಿತ್ತು. ಅಂಕದಿಂದ ಅಂಕಕ್ಕೆ ಇನ್ನಷ್ಟು ಇಟ್ಟಿಗೆ ಕಡಿಮೆಯಾಗುತ್ತಿದ್ದವು. ರಸ್ತೆ ಅಗಲ ಮಾಡೋಕೆ ಮನೆ ಕಳೆದುಕೊಂಡವರು ಯಾವ ಊರಲ್ಲಿಲ್ಲ ಹೇಳಿ.

ಜನರನ್ನು ಕರೆತರೋದು

‘ಮಾಲಾ ವೀತಾ’ ಒಂದೂಕಾಲು ಗಂಟೆ ಆಸುಪಾಸಿನದು. ಒಂದು ಸಂಜೆಗೆ ಸಾಲದು ಅನ್ನಿಸಬಹುದು. ವೆಕ್ಸ್‌ಫರ್ಡ್‌ನವರು ಇದರ ಜೊತೆ ಫ್ರಾಂಕೊ ಲಿಯೋನಿಯ ‘ಲೊರಾಕೊಲೊ’ ಇಟ್ಟಿದ್ದರು. 1905ರಲ್ಲಿ ಲಂಡನ್ನಿನಲ್ಲಿ ಬಂದ ಆ ಒಪೆರಾ ಸ್ಯಾನ್ ಫ್ರಾನ್ಸಿಸ್ಕೊದ ಚೀನೀಯರ ಕೇರಿಯ ಕಥೆ. ಅದನ್ನು ಮಾಡೋದಾದರೆ ಚೀನೀಯರನ್ನು ಅಲ್ಲಿ ಚಿತ್ರಿಸಿರುವ ರೀತಿಯ ಬಗ್ಗೆ ಏನು ಮಾಡುತ್ತೀರಿ ಅಂತ ಮೊದಲೇ ಯೋಚಿಸಿಕೊಳ್ಳಿ, ಮುಖಕ್ಕೆ ಹಳದಿ ಬಣ್ಣ ಬಳಿಯುವ ಕಾಲ ಹೋಯಿತು. ನಾವು ಎರಡನೇ ಒಪೆರಾ ಹಾಕಲಿಲ್ಲ. ಮೊದಲರ್ಧದಲ್ಲಿ ನೇಪಲ್ಸ್‌ನ ಹಾಡುಗಳು, ಕೆಡವಿದ ಕೇರಿಗಳ ಹಳೆಯ ಫೋಟೊಗಳು. ಖರ್ಚು ಕಡಿಮೆ, ಜನರಿಗೆ ಹಿನ್ನೆಲೆಯೂ ಗೊತ್ತಾಯಿತು.

ದುಡ್ಡಿನ ಧೈರ್ಯ ಇಲ್ಲದಿದ್ದರೆ ಮೊದಲು ಪಿಯಾನೊ ಜೊತೆ ನಿಂತು ಹಾಡುವ ಕಛೇರಿ ಮಾಡಿ. ಸರ್‌ಟೈಟಲ್, ಅಂದರೆ ಹಾಡಿನ ಅರ್ಥವನ್ನು ರಂಗದ ಮೇಲೆ ತೋರಿಸುವ ಸಾಲುಗಳು, ಮಾತ್ರ ಬೇಕೇ ಬೇಕು. ಗೊತ್ತಿರುವ ಒಪೆರಾಗೆ ಜನ ಹಾಡು ಕೇಳೋಕೆ ಬರುತ್ತಾರೆ, ಗೊತ್ತಿಲ್ಲದ್ದಕ್ಕೆ ಮುಂದೇನು ಅಂತ ನೋಡೋಕೆ ಬರುತ್ತಾರೆ. ಹಾಗಾಗಿ ಕೊನೆಯನ್ನು ಕರಪತ್ರದಲ್ಲಿ ಬರೆಯಬೇಡಿ. ನಮ್ಮ ಕರಪತ್ರದಲ್ಲಿ ‘ಮಹಾಕೃತಿ’ ಇರಲಿಲ್ಲ. ‘ನೇಪಲ್ಸ್‌ನವರು ಶಿಳ್ಳೆ ಹೊಡೆದು ಓಡಿಸಿದ ಒಪೆರಾ’ ಅಂತ ಇತ್ತು. ಟಿಕೆಟ್ ಅದರಿಂದಲೇ ಹೋದವು ಅಂತ ನಮ್ಮ ಖಜಾಂಚಿ ಇವತ್ತಿಗೂ ಹೇಳುತ್ತಾರೆ.

ಇಂಥದ್ದಕ್ಕೆ ದೊಡ್ಡ ಸಂಸ್ಥೆಯೇ ಬೇಕು ಅಂತ ಯಾರಾದರೂ ಅಂದರೆ ವೆಕ್ಸ್‌ಫರ್ಡ್ ಉತ್ಸವವನ್ನು 1951ರಲ್ಲಿ ಶುರು ಮಾಡಿದ್ದು ಆ ಸಣ್ಣ ಊರಿನ ಡಾಕ್ಟರ್ ಟಾಮ್ ವಾಲ್ಶ್ ಮತ್ತು ಅವರ ಗೆಳೆಯರು ಅಂತ ಹೇಳಿ.

ಪರದೆ ಬಿದ್ದ ಮೇಲೆ

ರಿಹರ್ಸಲ್‌ನಲ್ಲಿ ಸಿಕ್ಕ ಪ್ರತಿ ತಪ್ಪು ಸ್ವರ, ಬಿಟ್ಟುಹೋದ ಅಡಿಬರಹ, ಅನುಮಾನದ ತಾಳ, ಎಲ್ಲವನ್ನೂ ಅಂಕ ಮತ್ತು ಬಾರ್ (ಸ್ವರಲಿಪಿಯಲ್ಲಿ ತಾಳದ ಒಂದು ಭಾಗ) ಸಂಖ್ಯೆ ಹಾಕಿ ಒಂದು ಪಟ್ಟಿ ಮಾಡಿಡಿ. ನಮ್ಮಲ್ಲಿ ಆ ಪಟ್ಟಿಯನ್ನು ನಾನೇ ಇಟ್ಟುಕೊಂಡಿದ್ದೆ, ಪಿಯಾನೊ ಮೇಲೆ, ಪೆನ್ಸಿಲ್ ಕಟ್ಟಿದ ಒಂದು ನೋಟ್‌ಬುಕ್ಕಿನಲ್ಲಿ. ನೀವು ಮಾಡಿಕೊಂಡ ಸಣ್ಣ ಮೇಳದ ಪಾರ್ಟ್‌ಗಳನ್ನೂ, ಆ ಪಟ್ಟಿಯನ್ನೂ ಒಂದು ಸಂಗೀತ ಗ್ರಂಥಾಲಯಕ್ಕೆ ಕೊಡಿ. ಬಾಡಿಗೆಗೆ ತಂದ ಪಾರ್ಟ್ ಆದರೆ ಹಿಂತಿರುಗಿಸುವಾಗ ಪಟ್ಟಿಯ ಒಂದು ಪ್ರತಿಯನ್ನು ಒಳಗಿಡಿ. ಗಾಯಕರು ಒಪ್ಪಿದರೆ ರೆಕಾರ್ಡಿಂಗ್ ಮಾಡಿ, ಎಷ್ಟೇ ಸಾಧಾರಣ ಇರಲಿ. ಮುಂದೆ ಇದನ್ನೇ ಮಾಡಹೊರಟ ಇನ್ನೊಂದು ತಂಡಕ್ಕೆ ಸಂಗೀತದ ವೇಗ ಎಷ್ಟು, ಎಲ್ಲಿ ಗಾಯಕಿಗೆ ಉಸಿರು ಸಾಲುವುದಿಲ್ಲ ಅನ್ನೋದೆಲ್ಲ ಅದರಿಂದ ಗೊತ್ತಾಗುತ್ತದೆ.